ಮಾಮಾನ ಕಾಟಾ: ತಪ್ಪಿರುವ ಪಾತ್ರದ ಕೈಯಿಂದ ಒಳ್ಳೆಯದು ಮಾಡಿಸುವುದು ಹೇಗೆ

ನಮ್ಮ ಮಾಮಾ ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿ ಇಟ್ಟಿದ್ದ. ರೈತರು ತೊಗರಿ ತಂದು ಕಾಟಾದ (ತೂಕದ ಯಂತ್ರದ) ಮೇಲೆ ಚೀಲ ಇಟ್ಟರೆ ಒಂದು ಕಿಲೋ ಕಡಿಮೆಯೇ ಹೇಳುತ್ತಿದ್ದ. ಕಸ, ಕಡ್ಡಿ, ತೇವ ಅಂತ ಏನೋ ಒಂದು ನೆಪ. ಸಾಲ ಕೊಟ್ಟರೆ ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದದ್ದು ಕೊಡುತ್ತಿದ್ದ. ಇದೆಲ್ಲ ನನಗೆ ಹತ್ತು ಹನ್ನೊಂದು ವರ್ಷಕ್ಕೇ ಗೊತ್ತಿತ್ತು. ಸಂಕ್ರಾಂತಿ ಹೊತ್ತಿನ ಸುಗ್ಗಿಯಲ್ಲಿ, ಶಾಲೆ ಬಿಟ್ಟ ಮೇಲೆ, ಅಂಗಡಿಯ ಗಾದಿ ಮೇಲೆ ಕೂತು ಚೀಟಿ ಬರೆಯುತ್ತಿದ್ದವಳು ನಾನೇ.

ಅದೇ ಮಾಮಾ ಒಂದು ಸಲ ಒಬ್ಬ ಹೆಣ್ಣುಮಗಳ ಎರಡು ಎಕರೆ ಎರೆ ಹೊಲ ಉಳಿಸಿದ. ಆಳಂದ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಊರಿನ ಇನ್ನೊಬ್ಬ ಬಡ್ಡಿ ಸಾವುಕಾರ ಒಂದು ಬಾಂಡ್ ತೋರಿಸಿದ. ಗಂಡನ ಹೆಬ್ಬೆಟ್ಟು ಇದೆ, ಹೊಲ ನನ್ನದು ಎಂದ. ಅವಳು ಆ ಕಾಗದದ ಝೆರಾಕ್ಸ್ ಹಿಡಿದು ಅಂಗಡಿಗೆ ಬಂದಳು. ಮಾಮಾ ಮುಂದಿನ ಪುಟ ಓದಲೇ ಇಲ್ಲ. ಹಿಂದೆ ತಿರುಗಿಸಿ ನೋಡಿದ. ಸ್ಟ್ಯಾಂಪ್ ಪೇಪರ್ ಮಾರಿದವನು ಬರೆದ ತಾರೀಖು ಅಲ್ಲಿರುತ್ತದೆ. ಸಾಲ ಯುಗಾದಿಗೆ ಕೊಟ್ಟಿದ್ದು ಅಂತ ಬರೆದಿತ್ತು. ಪೇಪರ್ ಕೊಂಡಿದ್ದು ಮಾತ್ರ ದೀಪಾವಳಿ ಆದ ಮೇಲೆ. ಅಷ್ಟೊತ್ತಿಗೆ ಗಂಡ ಸತ್ತು ತಿಂಗಳಾಗಿತ್ತು.

ಮರುದಿನ ಊರ ಹಿರಿಯರ ಮುಂದೆ ಮಾಮಾ ನಿಂತು ಹೇಳಿದ ಮಾತು ನಮ್ಮವ್ವ ಇವತ್ತಿಗೂ ಹೇಳುತ್ತಾಳೆ: "ಈ ಆಟ ನನಗ ಗೊತ್ತದ. ನಾನೂ ಆಡೀನಿ."

ಹೊಲ ಉಳಿಯಿತು. ಆದರೆ ಆ ಮಾತು ಗಂಜಿಗೂ ಬಂತು. ಮುಂದಿನ ವಾರದಿಂದ ರೈತರು ತಮ್ಮ ಹಳೆಯ ಚೀಟಿ ತಂದು "ನಮ್ಮದೂ ಸ್ವಲ್ಪ ನೋಡ್ರಿ ಸಾವಕಾರ್ರ" ಅನ್ನತೊಡಗಿದರು. ಎಷ್ಟೋ ಜನ ಬೇರೆ ಅಂಗಡಿಗೆ ಹೋದರು. ಇನ್ನೊಂದು ವಿಷಯ ಇದೆ. ಆ ಹೆಣ್ಣುಮಗಳ ಗಂಡ ಮಾಮಾನ ಹತ್ತಿರವೂ ಸಾಲ ಮಾಡಿದ್ದ. ಅದನ್ನು ಮಾಮಾ ಬಿಡಲಿಲ್ಲ. ಬಡ್ಡಿ ಸಮೇತ ವಸೂಲಿ ಮಾಡಿದ.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದೆ. ಈಗ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಭಾನುವಾರ ಐದಾರು ಹುಡುಗ ಹುಡುಗಿಯರಿಗೆ ಬರೆಯುವುದನ್ನು ಹೇಳಿಕೊಡುತ್ತೇನೆ. ಅವರೆಲ್ಲ ಮೊದಲು ಕೇಳುವುದು ಇದನ್ನೇ. ಕೆಟ್ಟವನೊಬ್ಬ ಒಳ್ಳೆಯದು ಮಾಡಿದರೆ ನೋಡುವವರು ನಂಬುವ ಹಾಗೆ ಬರೆಯೋದು ಹೇಗೆ? ನನಗೆ ಗೊತ್ತಿರುವುದೆಲ್ಲ ಮಾಮಾನ ಆ ಒಂದು ದಿನದಲ್ಲಿದೆ.

ಮೊದಲು ತಪ್ಪನ್ನು ಸರಿಯಾಗಿ ಬರೆಯಿರಿ. "ಅವನು ದುಷ್ಟ", "ದುಡ್ಡಿನ ಆಸೆಯವನು" ಅಂತ ಬರೆದರೆ ಅದು ತಪ್ಪಲ್ಲ, ಬರೀ ಲೇಬಲ್. ಬೆಳಿಗ್ಗೆ ಹತ್ತು ಗಂಟೆಗೆ ಅವನ ಕೈ ಏನು ಮಾಡುತ್ತಿರುತ್ತದೆ? ಯಾರಿಗೆ ಎಷ್ಟು ಹೊಡೆತ ಬೀಳುತ್ತದೆ? ಚೀಲಕ್ಕೆ ಒಂದು ಕಿಲೋ ಅಂದರೆ ಇಪ್ಪತ್ತು ಚೀಲ ತಂದ ರೈತನಿಗೆ ಇಪ್ಪತ್ತು ಕಿಲೋ. ಆ ಇಪ್ಪತ್ತು ಕಿಲೋ ತೊಗರಿ ಅವನ ಮನೆಯಲ್ಲಿ ಏನಾಗುತ್ತಿತ್ತು? ಮಗಳಿಗೆ ಒಂದು ಜೊತೆ ಬಟ್ಟೆ ಆಗುತ್ತಿತ್ತು ಅನ್ನಿ. ಆ ಮಗಳು ಹಳೆಯ ಲಂಗದಲ್ಲಿ ಜಾತ್ರೆಗೆ ಬಂದದ್ದನ್ನು ಒಂದು ಸೀನಿನಲ್ಲಿ ತೋರಿಸಿ. ಯಾರೂ ಏನೂ ಹೇಳಬೇಕಾಗಿಲ್ಲ. ನನ್ನ ಹತ್ತಿರ ಕಲಿಯುವವರಿಗೆ ಈ ಕೆಲಸಕ್ಕೇ ಎರಡು ವಾರ ಕೊಡುತ್ತೇನೆ. ಇಲ್ಲಿ ಅವಸರ ಮಾಡಿದರೆ ಮುಂದಿನ ಯಾವುದೂ ನಿಲ್ಲುವುದಿಲ್ಲ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಒಳ್ಳೆಯದು ಅದೇ ಕೈಯಿಂದ ಆಗಬೇಕು. ಕೆಟ್ಟ ಕೆಲಸ ಮಾಡಿ ಮಾಡಿ ಅವನು ಕಲಿತ ವಿದ್ಯೆಯೇ ಒಳ್ಳೆಯದಕ್ಕೂ ಬಳಕೆಯಾಗಬೇಕು. ಕಾಗದದ ಹಿಂದಿನ ಪುಟ ನೋಡಬೇಕು ಅಂತ ಮಾಮಾನಿಗೆ ಹೊಳೆದದ್ದು ಯಾಕೆ? ಅವನೇ ಅಂಥ ಕಾಗದ ಮಾಡಿಸಿದ್ದ, ಅದಕ್ಕೆ. ಒಳ್ಳೆಯ ಮನುಷ್ಯನಾಗಿದ್ದರೆ ಅವಳ ಜೊತೆ ಕೂತು ಅಳುತ್ತಿದ್ದ, ಹೊಲ ಹೋಗುತ್ತಿತ್ತು. ನಮ್ಮ ಧಾರಾವಾಹಿಗಳಲ್ಲಿ ಹೆಚ್ಚಾಗಿ ಹೀಗೆ ಆಗುವುದಿಲ್ಲ. ಬಡ್ಡಿ ಸಾವುಕಾರ ಇದ್ದಕ್ಕಿದ್ದಂತೆ ನದಿಗೆ ಹಾರಿ ಮಗುವನ್ನು ಉಳಿಸುತ್ತಾನೆ. ಬಡ್ಡಿಗೂ ಈಜಿಗೂ ಏನು ಸಂಬಂಧ? ಆ ಮಗುವನ್ನು ಯಾರು ಬೇಕಾದರೂ ಉಳಿಸಬಹುದಿತ್ತು.

ಅಮೆರಿಕದ 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿ 2008ರಿಂದ 2013ರವರೆಗೆ ಬಂತು. ಅದರ ವಾಲ್ಟರ್ ವೈಟ್ ಕೆಮಿಸ್ಟ್ರಿ ಮೇಷ್ಟ್ರು. ಕ್ಯಾನ್ಸರ್ ಬಂದ ಮೇಲೆ ಮನೆಯವರಿಗಾಗಿ ಅಂತ ಹೇಳಿಕೊಂಡು ಮಾದಕ ವಸ್ತು ತಯಾರಿಸಲು ಇಳಿಯುತ್ತಾನೆ. ಕೊನೆಯ ಎಪಿಸೋಡಿನಲ್ಲಿ ಅವನು ತನ್ನ ಜೊತೆ ಆ ಕೆಲಸ ಮಾಡುತ್ತಿದ್ದ ಜೆಸ್ಸಿಯನ್ನು ಒಂದು ಕ್ರಿಮಿನಲ್ ಗುಂಪಿನ ಕೈಯಿಂದ ಬಿಡಿಸುತ್ತಾನಲ್ಲ, ಹೇಗೆ ಬಿಡಿಸುತ್ತಾನೆ ಅಂತ ಗಮನಿಸಿ. ಕಾರಿನ ಡಿಕ್ಕಿಯಲ್ಲಿ ತಾನೇ ಜೋಡಿಸಿದ ಮಷೀನ್ ಗನ್, ಕೈಯಲ್ಲಿ ಅದರ ರಿಮೋಟ್. ಲ್ಯಾಬ್ ಕಟ್ಟಿದ ತಲೆಯೇ ಇದನ್ನೂ ಕಟ್ಟಿದ್ದು. ಜೆಸ್ಸಿಯನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದು ಕಾಯುತ್ತಾನೆ, ತಾನು ಜೋಡಿಸಿದ ಗನ್ನಿನ ಗುಂಡೇ ಅವನಿಗೂ ತಗಲುತ್ತದೆ. ಇದು ಗೊತ್ತಿದ್ದೇ ಮಾಡಿದ ಬರವಣಿಗೆ.

ನಮ್ಮ ಕಡೆಗೂ ಇದು ಹೊಸದೇನಲ್ಲ. 12ನೇ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆ ಒಬ್ಬ. ಕನ್ನ ಹಾಕುವುದು ಅವನ ಕಸುಬಾಗಿತ್ತು ಅಂತ ಹೇಳುತ್ತಾರೆ. ಶರಣನಾದ ಮೇಲೂ ಕನ್ನ ಅವನ ಹೆಸರಿನಿಂದ ಹೋಗಲಿಲ್ಲ. ವಚನದಲ್ಲೂ ಅದೇ ಕತ್ತಲೆ, ಅದೇ ಕನ್ನದ ಮಾತು. ಬಸವಕಲ್ಯಾಣ ಇಲ್ಲೇ ಬೀದರ ಜಿಲ್ಲೆಯಲ್ಲಿದೆ. ಆ ಕಡೆ ಬಸ್ಸಿನಲ್ಲಿ ಹೋಗುವಾಗ ಪ್ರತಿ ಸಲ ಅವನು ನೆನಪಾಗುತ್ತಾನೆ. ಇವತ್ತಿನ ಚಾನೆಲ್ಲಿನವರ ಕೈಗೆ ಸಿಕ್ಕಿದ್ದರೆ ಮೊದಲು ಹೆಸರು ಬದಲಾಯಿಸುತ್ತಿದ್ದರು ಅನಿಸಿ ಸಂಕಟವಾಗುತ್ತದೆ.

ಇನ್ನು, ಯಾಕೆ ಒಳ್ಳೆಯದು ಮಾಡಿದ ಅನ್ನುವ ಪ್ರಶ್ನೆ. ಇದಕ್ಕೆ ಒಂದೇ ಉತ್ತರ ಇಡಬೇಡಿ. 1988ರಿಂದ 1990ರವರೆಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮಹಾಭಾರತ ಬರುತ್ತಿದ್ದಾಗ ನಮ್ಮ ಓಣಿಯಲ್ಲಿ ಒಂದೇ ಟಿವಿ ಇತ್ತು, ಅದೂ ಮಾಮಾನ ಮನೆಯಲ್ಲಿ. ಕರ್ಣನ ಕುಲ ಕೇಳಿ ಎಲ್ಲರೂ ನಗುವಾಗ ದುರ್ಯೋಧನ ಎದ್ದು ಅವನನ್ನು ಅಂಗರಾಜ ಮಾಡುತ್ತಾನೆ. ಪಕ್ಕದ ಮನೆಯ ಅಜ್ಜಿ ಅಲ್ಲೇ ಕೈ ಮುಗಿದಳು. ಅರ್ಜುನನಿಗೆ ಎದುರಾಳಿ ಬೇಕಾಗಿತ್ತು, ಅದು ನಿಜ. ಹಾಗಂತ ಅವಮಾನದ ನಡುವೆ ನಿಂತವನ ಹೆಗಲ ಮೇಲೆ ಬಿದ್ದ ಕೈ ಸುಳ್ಳಲ್ಲ. ಎರಡೂ ಒಟ್ಟಿಗೆ ಇವೆ. ಬರೆಯುವವರು ಒಂದನ್ನು ಆರಿಸಿ ಇನ್ನೊಂದನ್ನು ಒರೆಸಿದರೆ ಆ ಸೀನು ಅಲ್ಲೇ ಸಾಯುತ್ತದೆ. ಮಾಮಾ ಯಾಕೆ ಹೋದ? ಆ ಇನ್ನೊಬ್ಬ ಸಾವುಕಾರನ ಮೇಲೆ ಹಳೆಯ ಸಿಟ್ಟಿತ್ತು. ಹೊಲ ಹೋದರೆ ತನ್ನ ಸಾಲವೂ ಮುಳುಗುತ್ತಿತ್ತು. ಜೊತೆಗೆ ಅವಳು ಅಂಗಡಿಯ ಕಟ್ಟೆ ಮೇಲೆ ಕೂತ ರೀತಿ ಅವನ ಸತ್ತ ತಂಗಿಯ ಹಾಗಿತ್ತಂತೆ. ಇದನ್ನು ಅವ್ವ ಹೇಳಿದ್ದು. ಮಾಮಾ ಎಂದೂ ಹೇಳಲಿಲ್ಲ. ನಿಮ್ಮ ಪಾತ್ರವೂ ಹೇಳಬಾರದು. ಕಾರಣ ಬೇರೆಯವರ ಬಾಯಲ್ಲಿ ಬರಲಿ, ಅದೂ ಅರ್ಧ.

ಒಳ್ಳೆಯ ಕೆಲಸದಲ್ಲೇ ಸ್ವಲ್ಪ ಕೊಳೆ ಇದ್ದರೂ ಪರವಾಗಿಲ್ಲ. ಅಮೆರಿಕದ್ದೇ ಇನ್ನೊಂದು ಧಾರಾವಾಹಿ 'ದಿ ವೈರ್' (2002–2008) ನೋಡಿದವರಿಗೆ ಓಮರ್ ಗೊತ್ತು. ಡ್ರಗ್ಸ್ ಮಾರುವವರನ್ನೇ ದೋಚುವ ದರೋಡೆಕೋರ, ಸಾಮಾನ್ಯ ಜನರ ಮೇಲೆ ಬಂದೂಕು ಎತ್ತುವುದಿಲ್ಲ. ಅವನು ಕೋರ್ಟಿನಲ್ಲಿ ಒಬ್ಬ ಕೊಲೆಗಾರನ ವಿರುದ್ಧ ಸಾಕ್ಷಿ ಹೇಳುತ್ತಾನೆ, ಆ ಕೊಲೆಗಾರ ಜೈಲಿಗೆ ಹೋಗುತ್ತಾನೆ. ಕೊಲೆ ಮಾಡಿದ್ದು ಅವನೇ, ಅನುಮಾನವಿಲ್ಲ. ಆದರೆ ಓಮರ್ ಅದನ್ನು ಕಣ್ಣಾರೆ ನೋಡಿರಲಿಲ್ಲ. ಹೇಳಿದ್ದು ಸುಳ್ಳು ಸಾಕ್ಷಿ. ಅವನ ಒಳಗಿದ್ದದ್ದು ತನ್ನವನನ್ನು ಕೊಂದ ಸೇಡು. ನೋಡುವ ನಮಗೆ ಸಂತೋಷವಾಗುತ್ತದೆ, ಆಮೇಲೆ ಆ ಸಂತೋಷದ ಬಗ್ಗೆಯೇ ಒಂಥರಾ ಆಗುತ್ತದೆ. ಅಲ್ವಾ?

ಬೆಲೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಒಳ್ಳೆಯದು ಮಾಡಿದವನು ಏನಾದರೂ ಕಳೆದುಕೊಳ್ಳಲಿ. ಪ್ರಾಣ ಬೇಡ, ಅದು ಸುಲಭದ ದಾರಿ. ಗಿರಾಕಿ ಹೋಗಲಿ, ಸುಳ್ಳು ಹೊರಬೀಳಲಿ.

ಈಗ ನಾನು ಮಾಡಿದ ತಪ್ಪು. ಮಾಮಾನಂಥ ಪಾತ್ರವೊಂದನ್ನು ಒಂದು ಧಾರಾವಾಹಿಗೆ ಬರೆದಿದ್ದೆ. ಹೊಲ ಉಳಿಸುವ ಎಪಿಸೋಡು ಚೆನ್ನಾಗಿ ಬಂತು. ಆಮೇಲೆ ಚಾನೆಲ್ ಮೀಟಿಂಗಿನಲ್ಲಿ "ಇವನನ್ನು ಪಾಸಿಟಿವ್ ಮಾಡಿ" ಎಂದರು. ಸಾಲವನ್ನೂ ಬಿಡಲಿ, ಅವಳ ಕಾಲಿಗೆ ಬೀಳಲಿ, ಹಿನ್ನೆಲೆಯಲ್ಲಿ ಕೊಳಲು ಬರಲಿ. ನಾನು ಬರೆದು ಕೊಟ್ಟೆ. ಪ್ರೋಮೋ ಕೂಡ ಅದೇ ಹೋಯಿತು. ಮುಂದಿನ ಸೋಮವಾರ ಸೀನ್ ಆರ್ಡರ್ (ಎಪಿಸೋಡಿನ ಸೀನುಗಳ ಪಟ್ಟಿ) ಹಿಡಿದು ಕೂತರೆ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ದೇವರ ಮುಂದೆ ಕೂರಿಸಿದೆ, ಬುದ್ಧಿವಾದ ಹೇಳಿಸಿದೆ. ಮೂರು ವಾರಕ್ಕೆ ಆ ಪಾತ್ರದ ಟ್ರ್ಯಾಕ್ ಮುಚ್ಚಿದರು. ಆ ನಟ ನನ್ನನ್ನು ಕೇಳಿದರು, "ಮೇಡಂ, ನನ್ನ ಅಂಗಡಿ ಎಲ್ಲಿ ಹೋಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಹಟ ಹಿಡಿಯಬೇಕಿತ್ತು.

ಅರ್ಧ ಗಂಟೆಯ ಸ್ಲಾಟ್ ಅಂದರೆ ಸುಮಾರು 22 ನಿಮಿಷದ ಕಥೆ, ಅದೂ ವಾರಕ್ಕೆ ಐದಾರು ದಿನ. ಇಷ್ಟು ಉದ್ದ ಓಡುವ ಕಥೆಯಲ್ಲಿ ಪಾತ್ರ ಉಳಿಯಬೇಕಾದರೆ ಒಳ್ಳೆಯ ಕೆಲಸದ ಮರುದಿನವೇ ಅವನನ್ನು ಅವನ ಕೆಲಸಕ್ಕೆ ವಾಪಸ್ ಕಳಿಸಿ. ಅಂಗಡಿ ಬಾಗಿಲು ತೆರೆಯಲಿ. ಕಾಟಾ ಅಲ್ಲೇ ಇರಲಿ. ಈಗ ಅವನು ಕಿಲೋ ಕಡಿಮೆ ಹೇಳುತ್ತಾನೋ ಇಲ್ಲವೋ ಅಂತ ಜನ ಉಸಿರು ಹಿಡಿದು ನೋಡುತ್ತಾರೆ. ನಿನ್ನೆಯವರೆಗೆ ಈ ಪ್ರಶ್ನೆಯೇ ಇರಲಿಲ್ಲ. ಒಂದು ದಿನ ಸರಿ ತೂಗಲಿ, ಇನ್ನೊಂದು ದಿನ ಮತ್ತೆ ಜಾರಲಿ.

ಹಾಗೇ, ಅವನಿಂದ ನೋವು ತಿಂದವರನ್ನು ಕಥೆಯಿಂದ ಹೊರಗೆ ಕಳಿಸಬೇಡಿ. ಊರೆಲ್ಲ ಹೊಗಳುವಾಗ ಒಬ್ಬ ರೈತ ಮೂಲೆಯಲ್ಲಿ ನಿಂತಿರಲಿ, ಅವನ ಇಪ್ಪತ್ತು ಕಿಲೋ ಇನ್ನೂ ಬಂದಿಲ್ಲ. ವಾಲ್ಟರ್ ಕೊನೆಗೆ ತನ್ನನ್ನು ಕೊಲ್ಲು ಅಂತ ಜೆಸ್ಸಿಗೆ ಹೇಳುತ್ತಾನೆ. ಜೆಸ್ಸಿ ಕೊಲ್ಲುವುದಿಲ್ಲ, ಕ್ಷಮಿಸುವುದೂ ಇಲ್ಲ. ಕಾರು ಹತ್ತಿ ಹೋಗುತ್ತಾನೆ. ಅವನನ್ನು ಆ ಗುಂಪಿನ ಕೈಗೆ ಕೊಟ್ಟದ್ದೂ ವಾಲ್ಟರೇ ಅಲ್ಲವೇ? ಬಿಡಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಸಂಭಾಷಣೆಗೆ ಒಂದೇ ಮಾತು. ಪಾತ್ರ ತನ್ನ ಒಳ್ಳೆಯತನದ ಬಗ್ಗೆ ಮಾತಾಡಬಾರದು. ಮಾತಾಡಿದರೆ ಲೆಕ್ಕದ ಬಗ್ಗೆ, ತೂಕದ ಬಗ್ಗೆ, ಊಟದ ಬಗ್ಗೆ ಮಾತಾಡಲಿ. ನಮ್ಮ ಕಡೆ ಮನಸ್ಸು ಕರಗಿದವರು "ಚಾ ಕುಡಿ" ಅನ್ನುತ್ತಾರೆ, ಅದಕ್ಕಿಂತ ಜಾಸ್ತಿ ಏನೂ ಅನ್ನುವುದಿಲ್ಲ.

ಬರೆದಾದ ಮೇಲೆ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ನಾನು ಅವ್ವನಿಗೆ ಓದುತ್ತೇನೆ. ಓದಿ ಎರಡು ಪ್ರಶ್ನೆ ಕೇಳುತ್ತೇನೆ. ರಾತ್ರಿ ಹನ್ನೆರಡಕ್ಕೆ ಕಷ್ಟ ಬಂದರೆ ಇವನ ಬಾಗಿಲು ಬಡಿಯುತ್ತೀಯಾ? ನಿನ್ನ ಬಂಗಾರ ಇವನ ಹತ್ತಿರ ಇಡುತ್ತೀಯಾ? ಮೊದಲನೆಯದಕ್ಕೆ ಹೂಂ, ಎರಡನೆಯದಕ್ಕೆ ಊಹೂಂ ಅಂದರೆ ಪಾತ್ರ ನಿಂತಿದೆ. ಎರಡಕ್ಕೂ ಹೂಂ ಅಂದರೆ ಅವನನ್ನು ತೊಳೆದುಬಿಟ್ಟಿದ್ದೀರಿ, ಮತ್ತೆ ಕೂತು ಬರೆಯಿರಿ.

ನನ್ನ ಹುಡುಗರಿಗೆ ಕೊನೆಗೆ ಕೊಡುವ ಕೆಲಸ ಇದು. ಹೊಲ ಉಳಿದ ಮೇಲೆ ಆ ಹೆಣ್ಣುಮಗಳು ಮೊದಲ ಸಲ ಕಂತು ಕಟ್ಟಲು ಅಂಗಡಿಗೆ ಬರುವ ಸೀನು ಬರೆಯಿರಿ. ಒಂದು ಪುಟ ಮೀರಬಾರದು. ಆ ದಿನ ನಾನು ಗಾದಿ ಮೇಲೆ ಕೂತಿದ್ದೆ, ಹಾಗಾಗಿ ನನ್ನದು ಬರೆದದ್ದಲ್ಲ, ನೆನಪಿದ್ದದ್ದು.

ಅವಳು ಸೆರಗಿನ ಗಂಟು ಬಿಚ್ಚಿ ದುಡ್ಡು ಇಟ್ಟಳು. ಮಾಮಾ ಎರಡು ಸಲ ಎಣಿಸಿದ.

"ಹನ್ನೊಂದು ರೂಪಾಯಿ ಕಡಿಮಿ ಅದ."

"ಮುಂದಿನ ವಾರ ಕೊಡ್ತೀನ್ರೀ ಅಣ್ಣಾ."

"ಬರ್ಕೋತೀನಿ."

ಬರೆದುಕೊಂಡ. ಆಮೇಲೆ ತಲೆ ಎತ್ತದೆ ನನಗೆ ಹೇಳಿದ, "ಅಕ್ಕಗ ಚಾ ಹೇಳು. ಸಕ್ರಿ ಜಾಸ್ತಿ ಹಾಕ್ಸು."