ಟಿಕೆಟ್‌ಗಿಂತ ಮೊದಲು ಪಶುವೈದ್ಯರು: ಸಾಕುಪ್ರಾಣಿಯ ಪ್ರಯಾಣಕ್ಕೆ ಹೆಲ್ತ್ ಸರ್ಟಿಫಿಕೇಟ್

ನಮ್ಮ ನಾಯಿ ಚಿನ್ನುವಿಗೆ ಆಗ ಎಂಟು ವರ್ಷ. ಕೆಲಸದ ಸಲುವಾಗಿ ಬೇರೆ ದೇಶಕ್ಕೆ ಹೋಗಬೇಕಾಯಿತು. ಅವಳನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಟಿಕೆಟ್ ಮಾಡಿಸಿದೆ, ಅವಳನ್ನು ಕೂರಿಸಿ ಕರೆದೊಯ್ಯುವ ಪೆಟ್ಟಿಗೆ ತಂದೆ, ಆಮೇಲೆ ಸರ್ಟಿಫಿಕೇಟ್‌ಗೆ ಅಂತ ಪಶುವೈದ್ಯರ ಹತ್ತಿರ ಹೋದೆ. ಮೊದಲು ಹೋಗಬೇಕಾಗಿದ್ದುದೇ ಅಲ್ಲಿಗೆ.

ಅವಳಿಗೆ ರೇಬೀಸ್ ಲಸಿಕೆ ಆಗಿತ್ತು, ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ಪೂ ಇತ್ತು. ಆದರೆ ಲಸಿಕೆ ಹಾಕಿಸಿದ ಎರಡು ತಿಂಗಳಿಗೆ ಚಿಪ್ ಹಾಕಿಸಿದ್ದೆ. ಡಾಕ್ಟರು ಅವಳ ಲಸಿಕೆ ಪುಸ್ತಕ ತಿರುವಿ ನೋಡಿ, 'ಈ ಲಸಿಕೆ ಲೆಕ್ಕಕ್ಕೆ ಬರೋದಿಲ್ಲ' ಅಂದರು. ಚಿಪ್ ಇಲ್ಲದಿದ್ದರೆ ಲಸಿಕೆ ಬಿದ್ದಿದ್ದು ಇದೇ ನಾಯಿಗೆ ಅಂತ ಹೇಳುವುದು ಹೇಗೆ, ಅಲ್ವಾ? ಲಸಿಕೆ ಮತ್ತೆ ಹಾಕಿಸಿ, 21 ದಿನ ಕಾದು, ಟಿಕೆಟ್ ಮುಂದಕ್ಕೆ ಹಾಕಿಸಿದೆವು.

ಹಾಗಾಗಿ ಮೊದಲು ಚಿಪ್, ಆಮೇಲೆ ಲಸಿಕೆ. ಒಂದೇ ದಿನ ಆದರೂ ಚಿಪ್ಪೇ ಮೊದಲು. ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಚಿಪ್‌ಗೆ 15 ಅಂಕಿಯ ಸಂಖ್ಯೆ ಇರುತ್ತದೆ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೋಗುವುದಾದರೆ, ಮರಿಗೆ 12 ವಾರ ತುಂಬಿದ ಮೇಲೆ ಹಾಕಿಸಿದ ರೇಬೀಸ್ ಲಸಿಕೆ ಮಾತ್ರ ನಡೆಯುತ್ತದೆ. ಮೊದಲ ಲಸಿಕೆಯ ನಂತರ 21 ದಿನ ಕಾಯಬೇಕು. ಬೂಸ್ಟರ್, ಅಂದರೆ ಮರು ಲಸಿಕೆ, ಹಿಂದಿನ ಲಸಿಕೆಯ ಅವಧಿಯೊಳಗೇ ಬಿದ್ದಿದ್ದರೆ ಮತ್ತೆ ಕಾಯಬೇಕಾಗಿಲ್ಲ. ಒಂದು ದಿನ ತಪ್ಪಿದರೂ ಅದು ಹೊಸ ಲಸಿಕೆಯೇ ಆಗುತ್ತದೆ. ಆ ಅವಧಿ ಮುಗಿಯುವ ತಾರೀಖನ್ನು ಇವತ್ತೇ ಪುಸ್ತಕ ತೆಗೆದು ನೋಡಿ.

ಕೆಲವು ದೇಶಗಳಿಗೆ ಲಸಿಕೆ ಹಾಕಿಸಿದರೆ ಸಾಲದು, ಅದು ಮೈಗೆ ಹತ್ತಿದೆಯೇ ಅಂತ ರಕ್ತ ಪರೀಕ್ಷೆಯೂ ಆಗಬೇಕು. ಇದನ್ನು ರೇಬೀಸ್ ಟೈಟರ್ ಅನ್ನುತ್ತಾರೆ. ರೋಗ ತಡೆಯುವ ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಅದಕ್ಕಿಂತ ಜಾಸ್ತಿ ಬರಬೇಕು, ಪರೀಕ್ಷೆಯೂ ಮಾನ್ಯತೆ ಇರುವ ಲ್ಯಾಬಿನಲ್ಲೇ ಆಗಬೇಕು. ನಿಜವಾಗಿ ಸಮಯ ತಿನ್ನುವುದು ಇದೇ. ರೇಬೀಸ್ ಹೆಚ್ಚಿರುವ ದೇಶದಿಂದ ಯುರೋಪಿಗೆ ಹೊರಟರೆ, ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ಕೊಡಬೇಕು, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಜಪಾನಿಗೆ ಆದರೆ ರಕ್ತ ತೆಗೆದ ದಿನದಿಂದ 180 ದಿನ. ಕಾಯುವುದು ಮುಗಿಯುವ ಮೊದಲೇ ಹೋದರೆ ಪ್ರಾಣಿಯನ್ನು ಕ್ವಾರಂಟೈನಿನಲ್ಲಿ ಇಡುತ್ತಾರೆ, ಇಲ್ಲವೇ ಒಳಗೇ ಬಿಡುವುದಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಅದು ಒಂಟಿಯಾಗಿ ಕೂತಿರುವುದನ್ನು ನೆನೆಸಿಕೊಂಡರೇ ನನಗೆ ಹೊಟ್ಟೆ ಕಿವುಚುತ್ತದೆ. ಆದ್ದರಿಂದ ಹೋಗುವ ದೇಶದ ಪಶುಸಂಗೋಪನೆ ಅಥವಾ ಕೃಷಿ ಇಲಾಖೆಯ ನಿಯಮವನ್ನು ಮೊದಲು ಓದಿ. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ಟಿಕೆಟ್ ಆಮೇಲೆ.

ಸರ್ಟಿಫಿಕೇಟ್ ಮಾತ್ರ ಕೊನೆಯ ದಿನಗಳ ಕೆಲಸ. ಬೇಗ ಮಾಡಿಸಿಟ್ಟುಕೊಂಡರೆ ಪ್ರಯೋಜನವಿಲ್ಲ. ಯುರೋಪಿಗೆ ಹೋಗುವಾಗ ಅದು 10 ದಿನದೊಳಗಿನದಾಗಿರಬೇಕು. ಪಶುವೈದ್ಯರು ಚಿಪ್ ಓದಿ, ಕಣ್ಣು, ಕಿವಿ, ಚರ್ಮ, ಎದೆ ನೋಡಿ, ಪ್ರಾಣಿ ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿದೆ ಅಂತ ಬರೆಯುತ್ತಾರೆ. ಬಹಳ ಕಡೆ ಅಷ್ಟಕ್ಕೇ ಮುಗಿಯುವುದಿಲ್ಲ, ಸರ್ಕಾರಿ ಪಶುವೈದ್ಯರ ಸಹಿ ಮತ್ತು ಸೀಲೂ ಬೇಕು. ಅವರ ಸಮಯವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನಡುವೆ ರಜೆ ಬಂದರೆ ಆ 10 ದಿನ ಹೇಗೆ ಕರಗಿತು ಅಂತಲೇ ಗೊತ್ತಾಗುವುದಿಲ್ಲ.

ನಾಯಿಯನ್ನು ಬ್ರಿಟನ್, ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ ಅಥವಾ ನಾರ್ವೆಗೆ ಕರೆದೊಯ್ಯುವವರಿಗೆ ಇನ್ನೂ ಒಂದಿದೆ. ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧಿ ಕೊಡಿಸಬೇಕು. ಕೊಟ್ಟ ತಾರೀಖು ಮತ್ತು ಗಂಟೆ ಎರಡನ್ನೂ ಡಾಕ್ಟರೇ ಬರೆಯಬೇಕು.

ಕಾಗದ ಕೈಗೆ ಬಂದಾಗ ಸುಮ್ನೆ ಮಡಚಿ ಚೀಲಕ್ಕೆ ಹಾಕಬೇಡಿ. ಅಲ್ಲೇ ಕೂತು ಓದಿ. ಚಿನ್ನುವಿನ ಸರ್ಟಿಫಿಕೇಟಿನಲ್ಲಿ ಚಿಪ್ ಸಂಖ್ಯೆಯ ಎರಡು ಅಂಕಿ ಅದಲುಬದಲಾಗಿದ್ದವು. ನಾನು ಒಂದೊಂದೇ ಅಂಕಿಯನ್ನು ಜೋರಾಗಿ ಓದಿದೆ, ಡಾಕ್ಟರು ಸ್ಕ್ಯಾನರ್ ನೋಡುತ್ತಾ ಹೋದರು. ಹನ್ನೊಂದನೆಯ ಅಂಕಿಗೆ ಬಂದಾಗ ಸಿಕ್ಕಿತು. ಅವರು ಹೊಸ ಹಾಳೆಯಲ್ಲೇ ಬರೆದುಕೊಟ್ಟರು. ಪ್ರಾಣಿಯ ಹೆಸರು, ಬಣ್ಣ, ಲಸಿಕೆಯ ಬ್ಯಾಚ್ ಸಂಖ್ಯೆ, ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಹೆಸರು, ಎಲ್ಲವನ್ನೂ ಹೀಗೇ ನೋಡಿ.

ದಾರಿಯಲ್ಲಿ ಗಾಬರಿಯಾಗದಿರಲಿ ಅಂತ ನಿದ್ದೆ ಮಾತ್ರೆ ಕೊಡುವ ಯೋಚನೆ ಬಂದರೆ ದಯವಿಟ್ಟು ಬಿಟ್ಟುಬಿಡಿ. ವಿಮಾನದಲ್ಲಿ ಅದರಿಂದ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ತೊಂದರೆ ಆಗಬಹುದು. ಮತ್ತಿನಲ್ಲಿರುವ ಪ್ರಾಣಿಯನ್ನು ಹತ್ತಿಸಿಕೊಳ್ಳಲು ವಿಮಾನದವರೂ ಒಪ್ಪದೆ ಇರಬಹುದು. ಅದರ ಬದಲು ಪೆಟ್ಟಿಗೆಯನ್ನು ವಾರಗಟ್ಟಲೆ ಮೊದಲೇ ಮನೆಯಲ್ಲಿ ತೆರೆದಿಡಿ. ಚಿನ್ನು ಮೂರನೆಯ ವಾರಕ್ಕೆ ಅದರಲ್ಲೇ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು.

ಮೂಲ ಕಾಗದಗಳು ನಿಮ್ಮ ಕೈಚೀಲದಲ್ಲೇ ಇರಲಿ. ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪೆಟ್ಟಿಗೆಯ ಮೇಲೆ ಅಂಟಿಸಿ.