ಸೂರ್ಯನ ಸುತ್ತಲಿನ ಪರಿವೇಷವನ್ನು ಗುರುತಿಸುವ ಬಗೆ

ಸೂರ್ಯನ ಸುತ್ತ ಮೂಡುವ ಬೆಳಕಿನ ಉಂಗುರವಾದ ಪರಿವೇಷವನ್ನು ನೋಡಬಯಸುವವರು ಮೊದಲು ಸೂರ್ಯನನ್ನು ಮರೆಮಾಡಿಕೊಳ್ಳಬೇಕು. ಕಟ್ಟಡದ ಅಂಚು ಅಥವಾ ಮರದ ಕಾಂಡ ಸೂರ್ಯಬಿಂಬವನ್ನು ಪೂರ್ತಿಯಾಗಿ ಮುಚ್ಚುವಂತಹ ನೆರಳಿನಲ್ಲಿ ನಿಲ್ಲಿ. ಸೂರ್ಯನನ್ನು ನೇರವಾಗಿ ದಿಟ್ಟಿಸಬೇಡಿ, ದುರ್ಬೀನನ್ನಂತೂ ಅತ್ತ ತಿರುಗಿಸಲೇಬೇಡಿ. ಎತ್ತರದಲ್ಲಿ ಹಾಲುಬಿಳುಪಿನ ತೆಳುಪರದೆಯಂತೆ ಮೋಡ ಹರಡಿದ್ದು, ನೆಲದ ಮೇಲೆ ನಿಮ್ಮ ನೆರಳು ಇನ್ನೂ ಕಾಣುತ್ತಿದ್ದರೆ ಅದೇ ಸರಿಯಾದ ಹೊತ್ತು.

ಈಗ ತೋಳನ್ನು ನೀಳವಾಗಿ ಚಾಚಿ, ಬೆರಳುಗಳನ್ನು ಅಗಲಿಸಿ, ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ. ಕಿರುಬೆರಳಿನ ತುದಿಯ ಆಸುಪಾಸಿನಲ್ಲಿ ಉಂಗುರ ಕಂಡರೆ ಅದು 22° ಪರಿವೇಷ. ಈ ಒಂದು ಗೇಣಿನ ಅಳತೆ ಎಂದೂ ಬದಲಾಗದಿರುವುದಕ್ಕೆ ಆ ಮೋಡದಲ್ಲಿರುವ ಹಿಮಹರಳಿನ ಆಕಾರವೇ ಕಾರಣ. ಆರು ಬದಿಗಳ ಹರಳಿನ ಒಂದು ಬದಿಯಿಂದ ಒಳಹೊಕ್ಕು, ಪಕ್ಕದ್ದನ್ನು ಬಿಟ್ಟು ಅದರಾಚೆಯ ಬದಿಯಿಂದ ಹೊರಬರುವ ಬೆಳಕಿಗೆ ಆ ಹರಳು 60° ಕೋನದ ಪಟ್ಟಕ (ಪ್ರಿಸಮ್) ಆಗುತ್ತದೆ. ಅಲ್ಲಿ ಬೆಳಕು ಸುಮಾರು 22° ಗಿಂತ ಕಡಿಮೆ ಬಾಗಲಾರದು, ಹೆಚ್ಚಿನ ಕಿರಣಗಳು ಆ ಕೋನದ ಸುತ್ತಲೇ ದಟ್ಟೈಸುತ್ತವೆ. ಉಂಗುರದ ಒಳಗಿನ ಆಕಾಶ ಹೊರಗಿನದಕ್ಕಿಂತ ಮಬ್ಬಾಗಿ ತೋರುವುದೂ ಇದರಿಂದಲೇ. ಕೆಂಪು ಎಲ್ಲಕ್ಕಿಂತ ಕಡಿಮೆ ಬಾಗುವುದರಿಂದ ಒಳ ಅಂಚಿನಲ್ಲಿ ನಿಲ್ಲುತ್ತದೆ. ಹೊರಕ್ಕೆ ಹೋದಂತೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಬಿಳಿಚಿಕೊಳ್ಳುತ್ತವೆ.

ಬಣ್ಣವೇ ಬೇಕೆನ್ನುವವರು, ನನ್ನ ಮಟ್ಟಿಗೆ, ಉಂಗುರಕ್ಕಿಂತ ಉಪಸೂರ್ಯಗಳನ್ನು ಹುಡುಕುವುದು ಲೇಸು. ತಟ್ಟೆಯಂತಹ ಹರಳುಗಳು ಎಲೆ ಬೀಳುವಂತೆ ಅಡ್ಡಲಾಗಿ ತೇಲುವಾಗ, ಸೂರ್ಯನ ಎತ್ತರದಲ್ಲೇ ಎಡಬಲಗಳಲ್ಲಿ, ಒಂದು ಗೇಣು ದೂರಕ್ಕೆ ಈ ಹೊಳಪುಗಳು ಮೂಡುತ್ತವೆ. ಸೂರ್ಯ ಕೆಳಗಿರುವ ಬೆಳಗ್ಗೆ, ಸಂಜೆಗಳೇ ಇವಕ್ಕೆ ಸೂಕ್ತ. ಆಗ ನೆತ್ತಿಯ ಕಡೆಗೂ ಒಮ್ಮೆ ಕಣ್ಣೆತ್ತಿ: ಸೂರ್ಯ 32° ಗಿಂತ ಕೆಳಗಿದ್ದರೆ ಅಲ್ಲಿ ತಲೆಕೆಳಗಾದ ಕಾಮನಬಿಲ್ಲಿನಂತಹ ಕಮಾನು ಕಾಣಬಹುದು. ಹಲವರು ತಪ್ಪಿಸಿಕೊಳ್ಳುವ ನೋಟವಿದು.

ವಿಮಾನದ ಹಿಂದಿನ ಬಿಳಿಗೆರೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಂಜಿನ್ನಿನಿಂದ ಹೊರಬಿದ್ದ ನೀರಾವಿ ತೀವ್ರ ಚಳಿಯ ಗಾಳಿಯಲ್ಲಿ ಹೆಪ್ಪುಗಟ್ಟಿ ಈ ಗೆರೆಯಾಗುತ್ತದೆ. ಹೊಸ ಗೆರೆಯ ಕಣಗಳು ತೀರ ಸಣ್ಣವಾದ್ದರಿಂದ, ಸೂರ್ಯನಿಗೆ ತೀರ ಹತ್ತಿರದಲ್ಲಿ ಕಾಣುವ ಹಸಿರು, ನಸುಗೆಂಪು ಮಿನುಗು ವಿವರ್ತನೆಯಿಂದ, ಅಂದರೆ ಸಣ್ಣ ಕಣಗಳ ಅಂಚನ್ನು ಬಳಸಿ ಬೆಳಕು ಹರಡುವುದರಿಂದ ಬಂದದ್ದು, ಅದು ಪರಿವೇಷವಲ್ಲ. ಗಾಳಿಯಲ್ಲಿ ತೇವಾಂಶ ಸಾಕಷ್ಟಿದ್ದರೆ ಹರಳುಗಳು ಬೆಳೆದು ಗೆರೆ ಅಗಲವಾಗುತ್ತದೆ. ಅದು ಸೂರ್ಯನಿಂದ ಒಂದು ಗೇಣು ದೂರದಲ್ಲಿ ಹಾಯುವವರೆಗೆ ಕಾದು ನೋಡಿ. ಅಷ್ಟು ತುಂಡಿನಲ್ಲಿ ಮಾತ್ರ ಉಪಸೂರ್ಯ ಹೊತ್ತಿಕೊಂಡು, ಗೆರೆ ಮುಂದೆ ಸರಿದೊಡನೆ ಆರಿಹೋಗುವುದುಂಟು.