ಪೈಲಟ್ ಆಗೋಕೆ ಮುಂಚೆ ಇಷ್ಟು ವಿಚಾರಿಸಿಕೊಳ್ಳಿ

ಫ್ಲೈಯಿಂಗ್ ಸ್ಕೂಲಿಗೆ ದುಡ್ಡು ಕಟ್ಟುವ ಮೊದಲೇ ಕ್ಲಾಸ್ 1 ಮೆಡಿಕಲ್ (ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ) ಮಾಡಿಸಿ. ಅದರಲ್ಲಿ ಫೇಲಾದರೆ ಉಳಿದದ್ದೆಲ್ಲ ದಂಡ, ಅಲ್ವಾ? ಕಮರ್ಷಿಯಲ್ ಲೈಸೆನ್ಸ್ 18ನೇ ವಯಸ್ಸಿಗೇ ಸಿಗಬಹುದು, ಆದರೆ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ (ಅತಿ ಮೇಲಿನ ಹಂತದ ಪೈಲಟ್ ಲೈಸೆನ್ಸ್) ಸಾಮಾನ್ಯವಾಗಿ 1,500 ಗಂಟೆ ಹಾರಾಟ ಆಗಿರಬೇಕು.

ಆಫರ್ ಬಂದಾಗ ಸಂಬಳಕ್ಕಿಂತ ಮೊದಲು ರೋಸ್ಟರ್ (ಡ್ಯೂಟಿ ಪಟ್ಟಿ) ಮತ್ತು ಷರತ್ತುಗಳ ಬಗ್ಗೆ ಕೇಳಿ: ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು ಯಾವುದು, ತಿಂಗಳಿಗೆ ಎಷ್ಟು ರಾತ್ರಿ ಮನೆಯಿಂದ ಹೊರಗೆ, ಸ್ಟ್ಯಾಂಡ್‌ಬೈ (ಕರೆದರೆ ಹೋಗಲು ಸಿದ್ಧವಾಗಿರುವುದು) ಎಷ್ಟು ದಿನ, ಟೈಪ್ ರೇಟಿಂಗ್ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚು ಯಾರದು, ಬಾಂಡ್ (ಇಷ್ಟು ವರ್ಷ ಕೆಲಸ ಬಿಡಬಾರದೆಂಬ ಕರಾರು) ಇದೆಯಾ. ಬೆಳಗಿನ 5ರ ವಿಮಾನ ಅಂದರೆ 2:30ಕ್ಕೆ ಅಲಾರಂ, ಹಿಂದಿನ ದಿನ ಮನೆಯವರೆಲ್ಲ ಇನ್ನೂ ಮಾತಾಡುತ್ತಾ ಕೂತಿರುವಾಗಲೇ ನೀವು ಕರ್ಟನ್ ಎಳೆದು ಮಲಗಬೇಕು. ಎಷ್ಟೋ ಕಂಪನಿಗಳಲ್ಲಿ ರಜೆ, ಬೇಸ್ ಎಲ್ಲ ಸೀನಿಯಾರಿಟಿ ಮೇಲೆಯೇ. ಸುಮ್ನೆ ಕಂಪನಿ ಬದಲಿಸಿದರೆ ಮತ್ತೆ ಸಾಲಿನ ಕೊನೆಗೆ.

ಲೈಸೆನ್ಸ್ ಇನ್ಶೂರೆನ್ಸ್ (ಆರೋಗ್ಯ ಕೆಟ್ಟು ಲೈಸೆನ್ಸ್ ಹೋದರೆ ದುಡ್ಡು ಕೊಡುವ ವಿಮೆ) ಮರೀಬೇಡಿ. ಮೆಡಿಕಲ್ ಹೋದರೆ ಹಾರಾಟವೂ ನಿಲ್ಲುತ್ತದೆ, ಅದರ ಭತ್ಯೆಯೂ.